ರೈತನ ಮರ, ಹಕ್ಕಿಯ ಗೂಡು: ಗ್ರಾಮದ ಭೂಬಳಕೆ ಯೋಜನೆಯಲ್ಲಿ ವನ್ಯಜೀವಿಗಳ ಸ್ಥಾನ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಪಾಠ)



ವನ್ಯಜೀವಿ ಎಂದೊಡನೆ ಬಹುಮಂದಿಗೆ ಕಾಡು ನೆನಪಾಗುತ್ತದೆ. ಕಾಡು ಎಂದೊಡನೆ ಅದು ಸರ್ಕಾರದ್ದು, ಅದರ ಉಸಾಬರಿ ಅರಣ್ಯ ಇಲಾಖೆಯದು ಎನಿಸಿಬಿಡುತ್ತದೆ. ಆದರೆ ರೈತರ ಸ್ವಂತ ಹಿಡುವಳಿಯಲ್ಲಿಯೂ, ಅಂದರೆ ಬದುವಿನ ಮರದಲ್ಲಿ, ಹಳ್ಳದ ದಡದ ಪೊದೆಯಲ್ಲಿ, ಬೀಳುಬಿಟ್ಟ ಮೂಲೆಯಲ್ಲಿ, ಕೆರೆ ತುಂಬಿದಾಗ ನೀರು ಹರಡುವ ತಗ್ಗಿನಲ್ಲಿ ಎಷ್ಟೋ ಪ್ರಾಣಿಪಕ್ಷಿಗಳು ಬಾಳುತ್ತಿವೆ. ಅವುಗಳ ನೆಲೆ ಉಳಿಯುವುದೂ ಅಳಿಯುವುದೂ ಊರಿನ ಜಮೀನನ್ನು ಊರವರು ಯಾವ ರೀತಿ ಬಳಸುತ್ತಾರೆ ಎಂಬುದನ್ನೇ ಹೆಚ್ಚಾಗಿ ಅವಲಂಬಿಸಿದೆ.

ಮಂಡ್ಯ ಜಿಲ್ಲೆಯೊಂದರಲ್ಲೇ ಎರಡು ಬಗೆಯ ಪಕ್ಷಿತಾಣಗಳನ್ನು ಕಾಣಬಹುದು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಕಾವೇರಿ ನದಿಯ ನಡುಗಡ್ಡೆಗಳ ಸಮೂಹ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಸುತ್ತ ನೀರು, ಕಾವಲಿಗೆ ಸಿಬ್ಬಂದಿ. ರಕ್ಷಣೆಯ ಹೊಣೆ ಅರಣ್ಯ ಇಲಾಖೆಯದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಸ್ಥಿತಿ ಹಾಗಲ್ಲ. ಶಿಂಷಾ ನದಿಗೆ ಸಮೀಪವಿರುವ ಆ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರ ನಡುವೆ: ಮನೆಯ ಹಿತ್ತಲಿನಲ್ಲಿ, ಕಣದ ಅಂಚಿನಲ್ಲಿ, ಹೊಲದ ಬದುವಿನಲ್ಲಿ ನಿಂತ ಹುಣಸೆ, ಆಲ, ಅರಳಿ, ಬಸರಿ ಮರಗಳ ಮೇಲೆ. ಆ ಮರಗಳಲ್ಲಿ ಬಹುಪಾಲಿಗೆ ಒಬ್ಬೊಬ್ಬ ಒಡೆಯನಿದ್ದಾನೆ. ಮಗಳ ಮದುವೆಗೋ ಮನೆಯ ಮಾಡಿಗೋ ಮರ ಬೇಕಾದರೆ ಆತ ಕೊಡಲಿಯತ್ತ ನೋಡುವುದು ಸಹಜ.

ಈ ಹಕ್ಕಿಗಳಿಗೂ ಊರಿಗೂ ಇರುವ ನಂಟು ಹಳೆಯದು. 1916ರ ಸುಮಾರಿಗೆ ಪ್ಲೇಗು ಬಂದು ಜನ ನದಿಯ ದಂಡೆಯ ಹಳೆಯ ಊರನ್ನು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಊರ ಹಿರಿಯರು ಹೇಳುವುದುಂಟು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ತಾಣವನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದರು. ಗೂಡಿರುವ ಮರಗಳ ಒಡೆಯರಿಗೆ ಇಲಾಖೆಯಿಂದ ಪರಿಹಾರಧನ ಕೊಡುವ ಏರ್ಪಾಟು ಆ ಬಳಿಕ ಬಂತು. 1990ರ ದಶಕದಲ್ಲಿ ಊರಿನ ಯುವಕರು ಸೇರಿ ಹೆಜ್ಜಾರ್ಲೆ ಬಳಗವನ್ನು ಕಟ್ಟಿಕೊಂಡರು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು ಮೀನು ತಿನ್ನಿಸಿ ಸಾಕಿ ಹಾರಲು ಬಿಡುವ ಕೆಲಸವನ್ನು ಅವರು ಮಾಡುತ್ತ ಬಂದರು. 2007ರಲ್ಲಿ ಸರ್ಕಾರ ಈ ತಾಣವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಹುಣಸೆ ಮರದ ಲೆಕ್ಕ

ಹಕ್ಕಿ ಗೂಡು ಕಟ್ಟಿದರೆ ರೈತನಿಗೆ ಆಗುವ ನಷ್ಟವೇನು? ಭಾಷಣಗಳಲ್ಲಿ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಹಾರಿಸಿ ಹೋಗುತ್ತಾರೆ. ಹಾರಿಸುವಂತಿಲ್ಲ.

ಹುಣಸೆ ಹಣ್ಣು ಜನವರಿಯಿಂದ ಏಪ್ರಿಲ್‌ವರೆಗೆ ಬಲಿತು ಕೊಯ್ಲಿಗೆ ಬರುತ್ತದೆ. ಹೆಜ್ಜಾರ್ಲೆಗಳು ಅಕ್ಟೋಬರ್, ನವೆಂಬರ್ ವೇಳೆಗೆ ಬಂದು ಗೂಡು ಹಿಡಿಯುತ್ತವೆ. ಬಣ್ಣದ ಕೊಕ್ಕರೆಗಳು ಸ್ವಲ್ಪ ತಡವಾಗಿ ಬರುತ್ತವೆ. ಮರಿಗಳು ಹಾರಿ ಮರ ಬರಿದಾಗುವುದು ಮೇ, ಜೂನ್ ಹೊತ್ತಿಗೆ. ಹುಣಸೆ ಕೊಯ್ಲೆಂದರೆ ಮರ ಹತ್ತಿ ಕೊಂಬೆ ಅಲುಗಿಸಬೇಕು, ಗಳುವಿನಿಂದ ಬಡಿಯಬೇಕು. ಗೂಡಿನಲ್ಲಿ ಮರಿ ಇರುವಾಗ ಇದನ್ನು ಮಾಡುವಂತಿಲ್ಲ. ಹಿಕ್ಕೆ ಬಿದ್ದು ಹಣ್ಣು ಕೆಡುವುದೂ ಇದೆ. ಹೀಗಾಗಿ ಹಕ್ಕಿಗೆ ಮರ ಬಿಟ್ಟುಕೊಟ್ಟವನು ಆ ವರ್ಷದ ಹುಣಸೆಯ ಆಸೆಯನ್ನು ಹೆಚ್ಚುಕಡಿಮೆ ಬಿಟ್ಟಂತೆಯೇ.

ಎರಡನೆಯದು ನೆರಳು. ಹರವು ಹನ್ನೆರಡು ಮೀಟರ್ ಇರುವ ಒಂದು ಮರದ ಕೆಳಗೆ ಸುಮಾರು 113 ಚದರ ಮೀಟರ್, ಅಂದರೆ ಒಂದು ಗುಂಟೆಗಿಂತ ತುಸು ಹೆಚ್ಚು ನೆಲ ಸಿಕ್ಕುತ್ತದೆ. ಅಷ್ಟರಲ್ಲಿ ರಾಗಿಯಾಗಲಿ ಕಬ್ಬಾಗಲಿ ಪೂರ್ತಿ ಇಳುವರಿ ಕೊಡಲಾರದು. ಎರಡು ಎಕರೆಯ ರೈತನ ಬದುವಿನಲ್ಲಿ ಇಂಥ ನಾಲ್ಕು ಮರಗಳಿದ್ದರೆ ಅದು ಕಣ್ಣಿಗೆ ಕಾಣುವ ನಷ್ಟವೇ. ಮನೆಯಂಗಳದ ಮರವಾದರೆ ವಾಸನೆ, ಸೂರಿನ ಮೇಲೆ ಬೀಳುವ ಹಿಕ್ಕೆ, ಮೀನಿನ ಚೂರು ಎಲ್ಲವನ್ನೂ ಮನೆಯ ಹೆಂಗಸರು ಸಹಿಸಿಕೊಳ್ಳಬೇಕು. ಆ ಶ್ರಮವನ್ನು ಯಾವ ಲೆಕ್ಕಪುಸ್ತಕದಲ್ಲೂ ಯಾರೂ ಬರೆದಿಲ್ಲ.

ಲಾಭದ ಕಡೆಯಲ್ಲಿ ಗೊಬ್ಬರವಿದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಯಥೇಚ್ಛವಾಗಿರುತ್ತವೆ. ಕೊಕ್ಕರೆ ಬೆಳ್ಳೂರಿನ ರೈತರು ಮರದ ಸುತ್ತ ಗುಂಡಿ ತೆಗೆದು, ಬಿದ್ದ ಹಿಕ್ಕೆಗೆ ಕೆರೆಗೋಡು ಬೆರೆಸಿ ಗೊಬ್ಬರ ಮಾಡಿಕೊಳ್ಳುತ್ತಾರೆ. ಇದು ಬಹಳ ತಿಳಿವಳಿಕೆಯ ಪದ್ಧತಿ. ಹಸಿ ಹಿಕ್ಕೆಯನ್ನು ನೇರವಾಗಿ ಪೈರಿಗೆ ಹಾಕಿದರೆ ಬೇರು, ಎಲೆ ಸುಡುತ್ತವೆ. ಬಿಸಿಲಿಗೆ ಬಿಟ್ಟರೆ ಸಾರಜನಕವು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಜಿಗುಟಾದ ಕೆರೆಗೋಡು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಗುಂಡಿಗೆ ಮಳೆನೀರು ಹರಿದು ಬಾರದಂತೆ ಸುತ್ತ ಸಣ್ಣ ಏರಿ ಹಾಕಿ, ಕೆಲವು ತಿಂಗಳು ಕಳಿಯಿಸಿ ಹಾಕುವುದು ಲೇಸು. ಮರದ ಬುಡದ ಬೇರು ಕತ್ತರಿಸುವಷ್ಟು ಹತ್ತಿರ ಗುಂಡಿ ತೋಡಬಾರದು.

ಹೀಗೆ ನಷ್ಟದಿಂದ ಲಾಭವನ್ನು ಕಳೆದರೆ ಉಳಿಯುವುದೇ ನ್ಯಾಯವಾದ ಪರಿಹಾರ. ಮರದ ಹಿಂದಿನ ಮೂರು ಫಸಲುಗಳ ಸರಾಸರಿ, ಆ ವರ್ಷದ ಮಾರುಕಟ್ಟೆ ಧಾರಣೆ, ಉಳಿದ ಕೊಯ್ಲಿನ ಕೂಲಿ, ನೆರಳಿನಲ್ಲಿ ಕಡಿಮೆಯಾದ ಬೆಳೆ, ದೊರೆತ ಗೊಬ್ಬರದ ಬೆಲೆ, ಇಷ್ಟನ್ನು ಮರದ ಒಡೆಯನ ಎದುರಿನಲ್ಲೇ ಬರೆದುಕೊಂಡರೆ ಲೆಕ್ಕ ಮುಗಿಯಿತು. ಎಲ್ಲ ಮರಕ್ಕೂ ಒಂದೇ ಮೊತ್ತವೆಂದು ಗೊತ್ತುಮಾಡಿದರೆ ದೊಡ್ಡ ಮರದವನಿಗೆ ಅನ್ಯಾಯವಾಗುತ್ತದೆ. ಗೂಡು ಹೆಚ್ಚಾಗಿ ಬೇಕಾಗಿರುವುದು ದೊಡ್ಡ ಮರದಲ್ಲೇ. ಹಣ ಬರುವ ಕಾಲವೂ ಮುಖ್ಯ. ಹುಣಸೆ ಮಾರಾಟವಾಗುವ ಏಪ್ರಿಲ್‌ನಲ್ಲಿ ಬರಬೇಕಾದ ದುಡ್ಡು ಮುಂದಿನ ವರ್ಷ ಬಂದರೆ ಅದನ್ನು ಪರಿಹಾರವೆಂದು ರೈತನು ಎಣಿಸಲಾರ.

ಮರ ಮಾತ್ರವೇ ನೆಲೆಯಲ್ಲ

ಮರ ಉಳಿಯಿತು ಎಂದ ಮಾತ್ರಕ್ಕೆ ಹಕ್ಕಿ ಉಳಿಯಿತೆಂದು ತಿಳಿಯಬಾರದು. 2017ರ ಕೊನೆಯಿಂದ ಮುಂದಿನ ಕೆಲವು ತಿಂಗಳು ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತು ಬಿದ್ದವು. ಪರೀಕ್ಷಿಸಿದಾಗ ಜಂತುಹುಳುಗಳ ಬಾಧೆ ಕಂಡುಬಂತು. ಇಂಥ ಹುಳುಗಳು ಮೀನಿನ ಮೂಲಕ ಹಕ್ಕಿಯ ಹೊಟ್ಟೆಯನ್ನು ಸೇರುತ್ತವೆ. ಮರ ಅಲ್ಲೇ ಇತ್ತು, ಗೂಡೂ ಇತ್ತು. ಕೇಡು ಬಂದದ್ದು ಮೇವಿನ ದಾರಿಯಲ್ಲಿ.

ಗೂಡಿನ ಹಕ್ಕಿ ಮೇವಿಗಾಗಿ ಶಿಂಷಾ ನದಿಗೆ, ತೈಲೂರು ಕೆರೆಗೆ, ಸೂಳೆಕೆರೆಗೆ, ಇನ್ನೂ ದೂರದ ಕೆರೆಗಳಿಗೆ ಹಾರಿಹೋಗುತ್ತದೆ. ಹೆಜ್ಜಾರ್ಲೆ ತೇಲುತ್ತ ಮೀನು ಹಿಡಿಯುವ ಹಕ್ಕಿ. ಅದಕ್ಕೆ ತೆರೆದ ನೀರು ಬೇಕು. ಬಣ್ಣದ ಕೊಕ್ಕರೆ ನೀರಿನಲ್ಲಿ ನಡೆಯುತ್ತ, ತೆರೆದ ಕೊಕ್ಕನ್ನು ಅದ್ದಿ, ಮೀನು ತಾಗಿದೊಡನೆ ಕಚ್ಚುವ ಹಕ್ಕಿ. ಅದಕ್ಕೆ ಬೇಕಾದುದು ಹೆಚ್ಚೆಂದರೆ ಗೇಣುದ್ದದ ನೀರು. ಕೆರೆ ಅಂಗಳದ ತೆಳುನೀರಿನ ಅಂಚು ಹೋದರೆ ಅದರ ಬಟ್ಟಲೇ ಹೋದಂತೆ.

ಹೂಳೆತ್ತುವ ಕಾಮಗಾರಿಯಲ್ಲಿ ಗಮನಿಸಬೇಕಾದ ಅಂಶ ಇದು. ಯಂತ್ರ ತಂದು ಕೆರೆಯನ್ನು ಬಾವಿಯಂತೆ ನೆಟ್ಟಗೆ ಅಗೆದರೆ ನೀರಿನ ಸಂಗ್ರಹ ಹೆಚ್ಚಬಹುದು, ಆದರೆ ಅಂಚು ಇಲ್ಲವಾಗುತ್ತದೆ. ದನಕರು ಇಳಿಯುವುದೂ ಅಪಾಯ. ಏರಿಯಿಂದ ಸಾಕಷ್ಟು ದೂರ ಬಿಟ್ಟು ನಡುಭಾಗದಲ್ಲಿ ಹೂಳು ತೆಗೆದು, ನೀರು ಬರುವ ಮೇಲಂಚಿನಲ್ಲಿ ಇಳಿಜಾರನ್ನು ಹಾಗೆಯೇ ಉಳಿಸುವುದು ಕೆರೆಗೂ ಕ್ಷೇಮ, ಹಕ್ಕಿಗೂ ಕ್ಷೇಮ. ಇಟ್ಟಿಗೆ ಗೂಡಿನವರಿಗೆ ಮಣ್ಣು ಒಯ್ಯಲು ಬಿಡುವುದಾದರೆ ಎಲ್ಲಿ, ಎಷ್ಟು ಆಳ ಎಂಬುದನ್ನು ಪಂಚಾಯತಿ ಮೊದಲೇ ಗೆರೆ ಎಳೆದು ತೋರಿಸಬೇಕು. ಕೆರೆಯ ಮೀನಿನ ಗುತ್ತಿಗೆದಾರನನ್ನೂ ಮಾತುಕತೆಗೆ ಕರೆಯಬೇಕು. ಆತ ಹಣ ಕಟ್ಟಿ ಮರಿ ಬಿಟ್ಟವನು. ಹಕ್ಕಿಯನ್ನು ಕಂಡರೆ ಅವನಿಗೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ.

ಕೆರೆಯ ಮೇಲಿನ ಹೊಲಗಳಲ್ಲಿ ಹೊಡೆದ ಕೀಟನಾಶಕ ಮಳೆನೀರಿನೊಡನೆ ಕೆರೆಗೇ ಇಳಿಯುತ್ತದೆ. ಆದುದರಿಂದ ಕೆರೆಗೆ ನೀರು ತರುವ ಹಳ್ಳಗಳ ಎರಡೂ ದಡಗಳಲ್ಲಿ ಉಳುಮೆ ಮಾಡದ ಪಟ್ಟಿಯೊಂದು ಬೇಕು. ಅಲ್ಲಿ ಹುಲ್ಲು, ಹೊಂಗೆ, ಅತ್ತಿ, ಲಕ್ಕಿ ಇರಲಿ. ಮಣ್ಣು ಕೊಚ್ಚುವುದು ತಪ್ಪುತ್ತದೆ, ಮೇವೂ ಹಸಿರು ಗೊಬ್ಬರವೂ ಸಿಗುತ್ತವೆ. ಹಿಪ್ಪುನೇರಳೆ ಬೆಳೆಯುವ ರೈತರು ಈ ಬಗೆಯ ಎಚ್ಚರಿಕೆಯನ್ನು ಆಗಲೇ ಬಲ್ಲರು. ಪಕ್ಕದ ಹೊಲದ ವಿಷ ತೋಟಕ್ಕೆ ತೂರಿಬಂದರೆ ರೇಷ್ಮೆಹುಳುವಿನ ಗತಿ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮರ ಒಬ್ಬನದು, ಹಳ್ಳದ ದಡ ಇನ್ನೊಬ್ಬನದು, ಕೆರೆ ಪಂಚಾಯತಿಯದೋ ಇಲಾಖೆಯದೋ, ಮೇಲಿನ ಹೊಲ ಪಕ್ಕದ ಊರಿನವನದು. ಒಬ್ಬ ರೈತ ಎಷ್ಟೇ ಒಳ್ಳೆಯವನಾದರೂ ತನ್ನ ಒಂದು ಸರ್ವೆ ನಂಬರಿನಲ್ಲಿ ಹಕ್ಕಿಯ ಬಾಳನ್ನು ಪೂರ್ತಿಯಾಗಿ ಕಾಪಾಡಲಾರ. ಗ್ರಾಮಮಟ್ಟದ ಭೂಬಳಕೆ ಯೋಜನೆ ಬೇಕೆನ್ನುವುದು ಈ ಕಾರಣಕ್ಕೆ. ಜಮೀನನ್ನು ಕೊಂಡುಬಿಡಬಾರದೇ ಎಂದು ಕೇಳಬಹುದು. ಕೆಲವು ಕಡೆ ಅದು ಸಾಧ್ಯ. ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ಸುಮಾರು 25 ಎಕರೆ ಜಮೀನನ್ನು ರೈತರಿಂದ ಕೊಂಡು ಅರಣ್ಯ ಇಲಾಖೆಗೆ ವಹಿಸಿತು. ಆನೆಗೆ ದಾಟಲು ಒಂದು ಕಿರಿದಾದ ದಾರಿ ಸಾಕಿತ್ತು. ಇಡೀ ಊರನ್ನೇ ಕೊಳ್ಳುವವರು ಯಾರು? ಕೊಂಡು ಜನರನ್ನು ಕಳುಹಿಸಿದರೆ, ಜನರ ನಡುವೆಯೇ ಬಾಳಿ ಬಂದ ಈ ಹಕ್ಕಿಗಳಿಗೆ ಒಳ್ಳೆಯದಾದೀತೆಂದು ನಂಬಲೂ ಕಾರಣವಿಲ್ಲ.

ಕಾನೂನು ಏನು ಹೇಳುತ್ತದೆ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ ಸಮುದಾಯ ಮೀಸಲು ಪ್ರದೇಶ ಎಂಬ ಹೊಸ ವರ್ಗ ಬಂತು. ಖಾಸಗಿ ಅಥವಾ ಸಮುದಾಯದ ಜಮೀನಿನಲ್ಲಿ ವನ್ಯಜೀವಿಗಳ ನೆಲೆಯನ್ನು ಕಾಪಾಡಲು ಒಡೆಯರು ತಾವಾಗಿ ಮುಂದೆ ಬಂದಾಗ ಮಾತ್ರ ಸರ್ಕಾರ ಈ ಘೋಷಣೆ ಮಾಡಬಹುದು. ಜಮೀನಿನ ಒಡೆತನ ರೈತನಲ್ಲೇ ಉಳಿಯುತ್ತದೆ. ಅಭಯಾರಣ್ಯವಾಗಿಬಿಟ್ಟರೆ ಪಹಣಿಯಲ್ಲಿ ಹೆಸರು ಹೋಗುತ್ತದೆ ಎಂದು ಹೆದರುವವರಿಗೆ ಈ ವ್ಯತ್ಯಾಸವನ್ನು ವಿಸ್ತರಣಾ ಕಾರ್ಯಕರ್ತರು ಬಿಡಿಸಿ ಹೇಳಬೇಕು.

ಆದರೆ ಅರ್ಧ ಮಾತ್ರ ಹೇಳಬಾರದು. ಘೋಷಣೆಯಾದ ಮೇಲೆ ಆ ಜಮೀನಿನ ಬಳಕೆಯ ಕ್ರಮವನ್ನು ಬದಲಿಸಬೇಕಾದರೆ ನಿರ್ವಹಣಾ ಸಮಿತಿಯ ನಿರ್ಣಯವೂ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಇದು ನಿಜವಾದ ಕಟ್ಟು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು. ಅದು ಮದ್ದೂರು ತಾಲ್ಲೂಕನ್ನು ಹಾದುಹೋಗುತ್ತದೆ. ಇಂಥ ದಾರಿಗಳ ಆಸುಪಾಸಿನಲ್ಲಿ ಜಮೀನು ಭೂಪರಿವರ್ತನೆಯಾಗಿ ನಿವೇಶನವಾದರೆ ಎಷ್ಟು ಬೆಲೆ ಎಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು. ಹಕ್ಕಿಗಾಗಿ ಆ ಅವಕಾಶವನ್ನು ಬಿಟ್ಟುಕೊಡುವವನಿಗೆ ಹಾರ ಹಾಕಿ ಕಳುಹಿಸಿದರೆ ಸಾಲದು. ಪ್ರವಾಸಿಗರಿಂದ ಬರುವ ಆದಾಯದಲ್ಲಿ, ಪಂಚಾಯತಿಯ ಅನುದಾನದಲ್ಲಿ, ಇಲಾಖೆಯ ಪರಿಹಾರದಲ್ಲಿ ಮೊದಲ ಪಾಲು ಅವನದಾಗಬೇಕು. ಈಗ ಆಗುತ್ತಿರುವುದೇನೆಂದರೆ ಹಕ್ಕಿ ನೋಡಿ ಸಂತೋಷಪಡುವವರು ಊರಿನ ಹೊರಗಿನವರು, ಅದರ ಖರ್ಚು ಹೊರುವವನು ಮರದ ಒಡೆಯ.

ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರಾತಿನಿಧ್ಯವೂ ಇರುತ್ತದೆ. ಗೂಡಿನ ಮರವಿರುವ ಮನೆಗಳವರು, ಅದರಲ್ಲೂ ಹೆಣ್ಣುಮಕ್ಕಳು, ಆ ಪಟ್ಟಿಯಲ್ಲಿ ಇದ್ದಾರೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದು ಒಳ್ಳೆಯದು. ಇದಲ್ಲದೆ 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ಮೀಸಲು ಪ್ರದೇಶವಾಗದ ಸಾಮಾನ್ಯ ಊರುಗಳಿಗೂ ಈ ದಾರಿ ತೆರೆದಿದೆ. ಕಪಾಟಿನಲ್ಲಿಡುವ ಪುಸ್ತಕವಾದರೆ ಈ ದಾಖಲೆಯಿಂದ ಪ್ರಯೋಜನವಿಲ್ಲ. ಅದರಲ್ಲಿ ಸರ್ವೆ ನಂಬರು ಇರಬೇಕು.

ನಕಾಶೆಯನ್ನು ಮಾಡುವ ಕ್ರಮ

ಕೆಲಸಕ್ಕೆ ತಕ್ಕ ಕಾಲ ಫೆಬ್ರವರಿ, ಮಾರ್ಚ್. ಆಗ ಗೂಡುಗಳು ಎದ್ದು ಕಾಣುತ್ತವೆ, ಹೊಲಗಳೂ ಬಹುಮಟ್ಟಿಗೆ ಬಿಡುವಾಗಿರುತ್ತವೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಯನ್ನು ದೊಡ್ಡದಾಗಿ ಬರೆಸಿಕೊಂಡು ಊರವರೇ ನಾಲ್ಕೈದು ಮಂದಿ ಸುತ್ತಾಡಿ ಗುರುತು ಹಾಕಬೇಕು. ಗೂಡಿನ ಮರಗಳು ಯಾವುವು, ಹಕ್ಕಿ ರಾತ್ರಿ ತಂಗುವ ಮರಗಳು ಯಾವುವು, ಹಳ್ಳಗಳು ಎಲ್ಲಿ ಕೂಡುತ್ತವೆ, ಗೋಮಾಳ ಎಷ್ಟು ಉಳಿದಿದೆ, ದೇವರ ತೋಪು ಎಷ್ಟು, ಎಲ್ಲವೂ ಅದರಲ್ಲಿ ಬರಲಿ. ಪಹಣಿಯಲ್ಲಿ ಮರಗಳನ್ನು ನಮೂದಿಸಲು ಒಂದು ಕಲಂ ಇದೆ. ಅನೇಕ ಪಹಣಿಗಳಲ್ಲಿ ಅದು ಖಾಲಿ. ಗೂಡಿನ ಮರವಿರುವ ರೈತನು ಅದನ್ನು ತುಂಬಿಸಿಕೊಂಡರೆ ನಾಳೆ ಪರಿಹಾರ ಕೇಳುವಾಗ ಆಧಾರವಾಗುತ್ತದೆ.

ಖರಾಬಿನ ವಿಚಾರದಲ್ಲಿ ಎಚ್ಚರವಿರಲಿ. ‘ಅ’ ಖರಾಬು ಸಾಗುವಳಿಗೆ ಬಾರದ ಕಲ್ಲುಬಂಡೆ, ಕೊರಕಲು; ಅದು ಹಿಡುವಳಿಯ ಭಾಗವೇ. ‘ಬ’ ಖರಾಬು ದಾರಿ, ಹಳ್ಳ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಊರೊಳಗೆ ಉಳಿದಿರುವ ಪೊದೆ, ಹುಲ್ಲು, ಹುತ್ತಗಳೆಲ್ಲ ಬಹುಪಾಲು ಈ ಎರಡರಲ್ಲೇ ಇವೆ. ಹಳ್ಳದ ‘ಬ’ ಖರಾಬನ್ನು ಅಳತೆ ಮಾಡಿಸಿ ಒತ್ತುವರಿ ತೆರವು ಮಾಡಿದರೆ, ರೈತರ ಒಂದು ಗುಂಟೆಯನ್ನೂ ಕೇಳದೆ ಮೊದಲ ಹಸಿರು ಪಟ್ಟಿ ಸಿಕ್ಕಿಬಿಡುತ್ತದೆ. ಯೋಜನೆ ಇಲ್ಲಿಂದ ಶುರುವಾಗುವುದು ಜಾಣತನ. ಖಾಸಗಿ ಜಮೀನಿನ ಮಾತು ಆಮೇಲೆ ಎತ್ತಬೇಕು.

ಇಷ್ಟು ಹೇಳುವಾಗ ರೈತರು ಕೇಳುವ ಮಾತೊಂದಿದೆ: “ಹಕ್ಕಿ ಸರಿ, ಹಂದಿಗೇನು ಮಾಡೋಣ?” ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಕಾಡುಹಂದಿಗೆ ಯಾವ ಯೋಜನೆಯ ಉಪಕಾರವೂ ಬೇಕಿಲ್ಲ. ಒತ್ತಾಗಿ ಬೆಳೆದ ಕಬ್ಬು, ಬಳ್ಳಾರಿ ಜಾಲಿಯ ಪೊದೆ ಇಷ್ಟೇ ಅದಕ್ಕೆ ಸಾಕು. ಹಳ್ಳದ ದಡದಲ್ಲಿ ಬಳ್ಳಾರಿ ಜಾಲಿಯನ್ನು ಬೇರು ಸಹಿತ ತೆಗೆದು ಸ್ಥಳೀಯ ಮರಗಳನ್ನು ವಿರಳವಾಗಿ ಬೆಳೆಸಿದರೆ ಹಂದಿಗೆ ಮರೆ ಕಡಿಮೆಯಾಗುತ್ತದೆ. ಪಟ್ಟಿಗೆ ತಗುಲಿದ ಹೊಲದಲ್ಲಿ ಶೇಂಗಾ, ಮುಸುಕಿನ ಜೋಳ, ಗೆಣಸು ಬೇಡ. ಹರಳು, ಹುಚ್ಚೆಳ್ಳಿನಂಥವು ಅಂಚಿಗಿರಲಿ. ರಾಗಿ ಹೊಲದ ಸುತ್ತ ಹುಚ್ಚೆಳ್ಳು ಬಿತ್ತಿ ದನಗಳಿಂದ ಪೈರು ಕಾಯ್ದುಕೊಳ್ಳುವ ಪದ್ಧತಿ ಹೊಸದೇನೂ ಅಲ್ಲ. ಇದರಿಂದ ಹಂದಿಯ ಕಾಟ ಪೂರ್ತಿ ನಿಲ್ಲುವುದಿಲ್ಲ. ಅದಕ್ಕೆ ಬೇರೆ ಕ್ರಮಗಳೂ ಬೇಕು.

ಊರಿಗೆ ಹೊಸ ವಿದ್ಯುತ್ ಮಾರ್ಗ, ರಸ್ತೆ ಅಗಲೀಕರಣ, ನೀರಿನ ಟ್ಯಾಂಕು ಬಂದಾಗ ನಕಾಶೆಯನ್ನು ಮುಂದಿಟ್ಟು ಮಾತಾಡಬೇಕು. ತಂತಿಯ ದಾರಿ ಗೂಡಿನ ಮರದಿಂದ ಐವತ್ತು ಮಾರು ಆಚೆ ಹೋದರೆ ಗುತ್ತಿಗೆದಾರನಿಗೆ ದೊಡ್ಡ ಹೊರೆಯೇನಿಲ್ಲ. ಕೆಲಸ ಮುಗಿದ ಮೇಲೆ ಗಲಾಟೆ ಮಾಡಿ ಫಲವಿಲ್ಲ. ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆ ತಯಾರಾಗುವ ಮುಂಚಿನ ಗ್ರಾಮಸಭೆಯಲ್ಲೇ ಈ ನಕಾಶೆಯನ್ನು ಓದಿ, ನಡವಳಿ ಪುಸ್ತಕದಲ್ಲಿ ಸರ್ವೆ ನಂಬರು ಸಹಿತ ಬರೆಸಬೇಕು. ಅಭಿವೃದ್ಧಿ ಅಧಿಕಾರಿಯ ಸಹಿಯಾದ ನಕಲೊಂದು ಮರದ ಒಡೆಯನ ಬಳಿ ಇರಲಿ.

ಕೊನೆಯದಾಗಿ ಹೊಸ ಮರಗಳ ವಿಚಾರ. ಈಗಿನ ಗೂಡಿನ ಮರಗಳಲ್ಲಿ ಅನೇಕವು ಮುದಿಯಾಗಿವೆ. ಬೀಜದಿಂದ ಎಬ್ಬಿಸಿದ ಹುಣಸೆ ಇಂಥ ಭಾರದ ಹಕ್ಕಿಗಳನ್ನು ಹೊರುವಷ್ಟಾಗಲು ಒಂದು ತಲೆಮಾರೇ ಬೇಕು. ಆಲ, ಅರಳಿ, ಬಸರಿ, ಗೋಣಿಗಳು ಕೊಂಬೆಯಿಂದ ಬೇಗ ಬರುತ್ತವೆ. ತೋಳಿನ ದಪ್ಪದ, ಆರೇಳು ಅಡಿ ಉದ್ದದ ನೇರ ಕೊಂಬೆಯನ್ನು ಬೇಸಿಗೆಯ ಕೊನೆಯಲ್ಲಿ ಕಡಿದು, ಕೆಲವು ದಿನ ನೆರಳಿನಲ್ಲಿಟ್ಟು, ಮೇಲಿನ ತುದಿಗೆ ಸೆಗಣಿ ಮೆತ್ತಿ, ಮೊದಲ ಹದಮಳೆಗೆ ಎರಡಡಿ ಆಳದ ಗುಂಡಿಯಲ್ಲಿ ನೆಟ್ಟು ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು. ಗೋಮಾಳದ ಅಂಚು, ಕೆರೆಯ ಹಿಂಭಾಗ, ಶಾಲೆಯ ಬಯಲು ಇದಕ್ಕೆ ತಕ್ಕ ಜಾಗಗಳು. ಕೆರೆ ಏರಿಯ ಮೇಲೆ ಮಾತ್ರ ಬೇಡ, ಬೇರು ಏರಿಯನ್ನು ಸೀಳುತ್ತದೆ. ಮೇಕೆಯ ಬಾಯಿಗೆ ಸಿಗದಂತೆ ಮುಳ್ಳು ಕಟ್ಟಿ, ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿದರೆ ಸಾಕು.